ಬಾಟಲಿಯ ಹಿಂಬದಿ ಓದಿ ಆರಿಸಿದ ವಿಟಮಿನ್: ಮೂರು ಪೂರಕಗಳ ವಿಮರ್ಶೆ

ಕಳೆದ ಒಂದೂವರೆ ವರ್ಷದಲ್ಲಿ ನಾನು ಮೂರು ಬಗೆಯ ಮಲ್ಟಿವಿಟಮಿನ್‌ಗಳನ್ನು ಒಂದಾದ ಮೇಲೊಂದರಂತೆ ಬಳಸಿ ನೋಡಿದ್ದೇನೆ. ಮೊದಲನೆಯದು ‘ಹೈ ಪೊಟೆನ್ಸಿ’ ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ್ದ ಕ್ಯಾಪ್ಸೂಲ್, ಎರಡನೆಯದು ಹಣ್ಣಿನ ರುಚಿಯ ಗಮ್ಮಿ, ಮೂರನೆಯದು ಯಾವ ಆಡಂಬರವೂ ಇಲ್ಲದ, ದಿನಕ್ಕೊಂದರಂತೆ ನುಂಗುವ ಮಾತ್ರೆ. ಇವುಗಳ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಹೆಸರು ಬೇರೆಯಾದರೂ ಇದೇ ಮೂರು ಬಗೆಯ ಬಾಟಲಿಗಳು ಔಷಧ ಅಂಗಡಿಗಳ ಕಪಾಟಿನಲ್ಲಿ ಸಾಲಾಗಿ ಕುಳಿತಿರುತ್ತವೆ, ಮತ್ತು ಕೊಳ್ಳುವವರಿಗೆ ಹೆಸರಿಗಿಂತ ಹೆಚ್ಚು ನೆರವಾಗುವುದು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸ. ಮೊದಲಿನ ಎರಡನ್ನು ನಾನು ಬಿಟ್ಟಿದ್ದೇನೆ. ಮೂರನೆಯದನ್ನು ಉಳಿಸಿಕೊಂಡು, ಅದರ ಜೊತೆಗೆ ಬಿ12ರ ಒಂದು ಪ್ರತ್ಯೇಕ ಮಾತ್ರೆಯನ್ನು ಸೇರಿಸಿಕೊಂಡಿದ್ದೇನೆ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ಹೇಳಬೇಕು. ಊಟದಲ್ಲಿ ಏನು ಕಡಿಮೆಯಿದೆ ಎಂದು ನೋಡದೆಯೇ, ಸದಾ ಆಯಾಸವಾಗುತ್ತದೆ ಎಂಬ ಒಂದೇ ಕಾರಣಕ್ಕೆ ಮೊದಲ ಬಾಟಲಿಯನ್ನು ಕೊಂಡೆ. ಕ್ರಮ ತಿರುವುಮುರುವಾಗಿತ್ತು. ಆ ಬಾಟಲಿ ಅರ್ಧ ಖಾಲಿಯಾದ ಮೇಲೆ ಏಳು ದಿನ ತಿಂದದ್ದನ್ನೆಲ್ಲ, ಸಂಜೆಯ ಹಿಡಿ ಕಡಲೆಬೀಜವನ್ನೂ ಬಿಡದೆ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಹಣ್ಣು, ಸೊಪ್ಪು, ಕಾಳುಗಳು ದಿನವೂ ಇದ್ದವು. ಆದ್ದರಿಂದ ವಿಟಮಿನ್ ಸಿ ಮತ್ತು ಫೋಲೇಟ್ ವಿಷಯದಲ್ಲಿ ಚಿಂತೆಗೆ ಕಾರಣವಿರಲಿಲ್ಲ. ವಯಸ್ಕ ಹೆಂಗಸಿಗೆ ದಿನಕ್ಕೆ 75 ಮಿಲಿಗ್ರಾಂ, ಗಂಡಸಿಗೆ 90 ಮಿಲಿಗ್ರಾಂ ವಿಟಮಿನ್ ಸಿ ಸಾಕು ಎಂಬುದು ಬಳಕೆಯಲ್ಲಿರುವ ಒಂದು ಮಾನದಂಡ. ಮಧ್ಯಮ ಗಾತ್ರದ ಒಂದು ಕಿತ್ತಳೆಯಲ್ಲೇ ಸುಮಾರು 70 ಮಿಲಿಗ್ರಾಂ ಇರುತ್ತದೆ. ಇಷ್ಟಿರುವಾಗ 1000 ಮಿಲಿಗ್ರಾಂನ ಮಾತ್ರೆ ನನಗೆ ಏನು ಕೊಡುತ್ತಿತ್ತು ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಆದರೆ ಮಾಂಸ, ಮೀನು, ಮೊಟ್ಟೆ ಯಾವುದೂ ಇಲ್ಲದ, ಹಾಲೂ ತೀರಾ ಕಡಿಮೆಯಿರುವ ನನ್ನ ಊಟದಲ್ಲಿ ಬಿ12 ಬರುವ ದಾರಿಯೇ ಹೆಚ್ಚುಕಡಿಮೆ ಮುಚ್ಚಿತ್ತು. ದಿನವಿಡೀ ಒಳಗೇ ಕುಳಿತು ಕೆಲಸ ಮಾಡುವುದರಿಂದ ಬಿಸಿಲೂ ಮೈಗೆ ತಾಗುತ್ತಿರಲಿಲ್ಲ. ರಕ್ತಪರೀಕ್ಷೆಯಲ್ಲಿ ಕಡಿಮೆ ಕಂಡದ್ದು ಇವೆರಡೇ, ಬಿ12 ಮತ್ತು ಡಿ. ಹದಿಮೂರು ವಿಟಮಿನ್‌ಗಳಲ್ಲಿ ನನಗೆ ಹೊರಗಿನಿಂದ ಬೇಕಾಗಿದ್ದದ್ದು ಎರಡು.

ಈ ತಿಳಿವಳಿಕೆಯೊಂದಿಗೆ ಮೊದಲ ಬಾಟಲಿಯನ್ನು ತಿರುಗಿಸಿ ಓದಿದಾಗ ಅದು ಬೇರೆಯೇ ಆಗಿ ಕಂಡಿತು. ಮುಂಭಾಗದಲ್ಲಿ ‘ಶಕ್ತಿ’, ‘ರೋಗನಿರೋಧಕತೆ’, ‘ಕೂದಲು ಮತ್ತು ಉಗುರು’ ಎಂಬ ಮಾತುಗಳಿದ್ದವು. ಹಿಂಭಾಗದ ಪಟ್ಟಿಯ ಮೊದಲ ಸಾಲಿನಲ್ಲೇ ‘ಒಂದು ಡೋಸ್ ಎಂದರೆ ಮೂರು ಕ್ಯಾಪ್ಸೂಲ್’ ಎಂದಿತ್ತು. ನಾನು ಅಷ್ಟು ದಿನ ದಿನಕ್ಕೆ ಒಂದನ್ನು ನುಂಗಿ, ಪಟ್ಟಿಯಲ್ಲಿರುವುದೆಲ್ಲ ಹೊಟ್ಟೆ ಸೇರುತ್ತಿದೆ ಎಂದು ನಂಬಿದ್ದೆ. ಯಾವ ಪೂರಕವನ್ನು ಕೈಗೆತ್ತಿಕೊಂಡರೂ ಕಣ್ಣು ಮೊದಲು ಹೋಗಬೇಕಾದದ್ದು ಈ ಸಾಲಿಗೆ, ಏಕೆಂದರೆ ಅದರ ಕೆಳಗಿನ ಅಂಕಿಗಳೆಲ್ಲ ಅದನ್ನೇ ಆಧರಿಸಿರುತ್ತವೆ.

ಅದರ ಕೆಳಗಿದ್ದ ಅಂಕಿಗಳು ನನ್ನನ್ನು ಬೆಚ್ಚಿಬೀಳಿಸಿದವು. ಬಿ6 ಒಂದು ಡೋಸಿಗೆ 50 ಮಿಲಿಗ್ರಾಂ ಇತ್ತು. ಐವತ್ತು ವರ್ಷದೊಳಗಿನ ವಯಸ್ಕರಿಗೆ ಬೇಕಾದದ್ದು ದಿನಕ್ಕೆ 1.3 ಮಿಲಿಗ್ರಾಂ. ನೀರಿನಲ್ಲಿ ಕರಗುವ ವಿಟಮಿನ್ ಹೆಚ್ಚಾದರೂ ಮೂತ್ರದಲ್ಲಿ ಹೊರಟುಹೋಗುತ್ತದೆ, ಹೆದರಬೇಕಾಗಿಲ್ಲ ಎಂಬ ಮಾತು ಬಿ6ರ ಮಟ್ಟಿಗೆ ನಿಜವಲ್ಲ. ದೊಡ್ಡ ಪ್ರಮಾಣದಲ್ಲಿ ಬಹುಕಾಲ ಸೇವಿಸಿದರೆ ಅದು ಕೈಕಾಲುಗಳ ನರಗಳಿಗೆ ಹಾನಿ ಮಾಡಿ ಜೋಮು, ಉರಿ ತರುತ್ತದೆ. ಅಮೆರಿಕದಲ್ಲಿ ಇದರ ಗರಿಷ್ಠ ಮಿತಿ ದಿನಕ್ಕೆ 100 ಮಿಲಿಗ್ರಾಂ ಎಂದಿದ್ದರೆ, ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಅದನ್ನು 12 ಮಿಲಿಗ್ರಾಂಗೆ ಇಳಿಸಿತು. ಮೀನು, ಆಲೂಗಡ್ಡೆ, ಬಾಳೆಹಣ್ಣು, ಕಾಳುಗಳಿಂದಲೇ ಸುಲಭವಾಗಿ ಸಿಗುವ ಪೋಷಕಾಂಶವನ್ನು ಅಗತ್ಯಕ್ಕಿಂತ ಮೂವತ್ತೆಂಟು ಪಟ್ಟು ತುಂಬಿ ಕೊಡುವುದರಲ್ಲಿ ತಿನ್ನುವವರ ಹಿತವಿದೆ ಎಂದು ನನಗೆ ಅನ್ನಿಸುವುದಿಲ್ಲ.

ವಿಟಮಿನ್ ಎ ಕೂಡ ಅಷ್ಟೇ ಧಾರಾಳವಾಗಿತ್ತು. ರೆಟಿನಾಲ್‌ನ ಒಂದು ಬಗೆಯಾದ ರೆಟಿನೈಲ್ ಪಾಲ್ಮಿಟೇಟ್ ರೂಪದಲ್ಲಿ 2400 ಮೈಕ್ರೋಗ್ರಾಂ ಎಂದಿತ್ತು. ವಯಸ್ಕರಿಗೆ ಬೇಕಾದದ್ದು 700ರಿಂದ 900, ದಾಟಬಾರದ ಮಿತಿ 3000. ಕ್ಯಾರೆಟ್, ಸೊಪ್ಪು, ಕುಂಬಳಕಾಯಿಗಳಲ್ಲಿರುವ ಬೀಟಾ ಕ್ಯಾರೋಟಿನ್ ಅನ್ನು ದೇಹ ತನಗೆ ಬೇಕಾದಷ್ಟು ಮಾತ್ರ ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳುತ್ತದೆ, ಆದರೆ ರೆಟಿನಾಲ್ ರೂಪದಲ್ಲಿ ಒಳಬಂದದ್ದು ಪಿತ್ತಜನಕಾಂಗದಲ್ಲಿ ಸಂಗ್ರಹವಾಗುತ್ತಾ ಹೋಗುತ್ತದೆ. ಗರ್ಭಿಣಿಯರಲ್ಲಿ ಇದರ ಅತಿಪ್ರಮಾಣ ಶಿಶುವಿನ ಅಂಗರಚನೆಯನ್ನೇ ಕೆಡಿಸಬಲ್ಲದು. ಹಾಗಾಗಿ ಗರ್ಭ ಧರಿಸುವ ಯೋಚನೆಯಲ್ಲಿರುವವರು ಸಾಮಾನ್ಯ ಮಲ್ಟಿವಿಟಮಿನ್ ಅನ್ನು ತಾವೇ ಆರಿಸಿಕೊಳ್ಳದೆ, 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವ, ಆ ಕಾಲಕ್ಕೆಂದೇ ತಯಾರಾದ ಮಾತ್ರೆಯನ್ನು ವೈದ್ಯರಿಂದ ಬರೆಸಿಕೊಳ್ಳುವುದು ಒಳ್ಳೆಯದು. ಹಾಗೆಂದು ಬೀಟಾ ಕ್ಯಾರೋಟಿನ್ ಮಾತ್ರೆಯೇ ಎಲ್ಲರಿಗೂ ನಿರಪಾಯ ಎಂದೂ ಅಲ್ಲ. ಫಿನ್‌ಲೆಂಡಿನಲ್ಲಿ 29,133 ಗಂಡಸು ಧೂಮಪಾನಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚು ಕಂಡುಬಂತು. ಕ್ಯಾನ್ಸರ್ ತಡೆಯಬಹುದೆಂಬ ಆಸೆಯಿಂದ ಆರಂಭವಾದ ಪ್ರಯೋಗವದು.

ವಿಟಮಿನ್ ಇ ಕೂಡ ಹೀಗೆಯೇ ನಿರೀಕ್ಷೆಗೆ ವಿರುದ್ಧವಾಗಿ ನಡೆದುಕೊಂಡಿದೆ. ಪ್ರಾಸ್ಟೇಟ್ ಕ್ಯಾನ್ಸರ್ ತಡೆಯುವುದೇ ಎಂದು ನೋಡಲು ಮೂವತ್ತೈದು ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಸೆಲೆಕ್ಟ್ ಪ್ರಯೋಗದಲ್ಲಿ, ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ವಿಟಮಿನ್ ಇ ಪಡೆದವರಲ್ಲಿ ಆ ಕ್ಯಾನ್ಸರ್ ಶೇಕಡಾ 17ರಷ್ಟು ಹೆಚ್ಚಾಗಿತ್ತೆಂದು 2011ರಲ್ಲಿ ವರದಿಯಾಯಿತು. ನನ್ನ ಮೊದಲ ಬಾಟಲಿಯಲ್ಲಿದ್ದದ್ದೂ ಅಷ್ಟೇ, 400 ಐಯು. ಬಾದಾಮಿಯಿಂದಲೋ ಸೂರ್ಯಕಾಂತಿ ಬೀಜದಿಂದಲೋ ಬರುವ ಇದೇ ವಿಟಮಿನ್ ಬಗ್ಗೆ ಇಂಥ ದೂರು ಎಂದೂ ಕೇಳಿಬಂದಿಲ್ಲ.

ಆದರೆ ಆ ಬಾಟಲಿಯನ್ನು ನಾನು ಬಿಟ್ಟದ್ದು ಈ ಓದಿನಿಂದಲ್ಲ, ಒಂದು ಪರೀಕ್ಷಾ ವರದಿಯಿಂದ. ಮಾಮೂಲಿ ತಪಾಸಣೆಗೆಂದು ಕೊಟ್ಟ ರಕ್ತದಲ್ಲಿ ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನಾದ ಟಿಎಸ್‌ಎಚ್ ತೀರಾ ಕಡಿಮೆಯಿದ್ದು, ಥೈರಾಯ್ಡ್ ಹಾರ್ಮೋನು ಹೆಚ್ಚಾಗಿತ್ತು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದೆ ಎಂದು ಕಾಗದ ಹೇಳುತ್ತಿತ್ತು. ನನಗೆ ಎದೆಬಡಿತವಿಲ್ಲ, ಬೆವರಿಲ್ಲ, ತೂಕ ಇಳಿದಿಲ್ಲ. ಆ ಒಂದು ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ವರದಿ ನೋಡಿದ ವೈದ್ಯರು ಔಷಧ ಬರೆಯುವ ಮೊದಲು, ‘ಕೂದಲಿಗೆಂದು ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?’ ಎಂದು ಕೇಳಿದರು. ಒಂದು ಡೋಸ್ ಎಂದರೆ ಮೂರು ಎಂದು ತಿಳಿದ ಮೇಲೆ ನಾನು ಮೂರೂ ಕ್ಯಾಪ್ಸೂಲ್‌ಗಳನ್ನು ನುಂಗಲಾರಂಭಿಸಿದ್ದೆ. ಅವುಗಳಲ್ಲಿ ಬಯೋಟಿನ್ 10,000 ಮೈಕ್ರೋಗ್ರಾಂ ಇತ್ತು. ದಿನಕ್ಕೆ ಸಾಕಾಗುವ ಪ್ರಮಾಣ 30 ಮೈಕ್ರೋಗ್ರಾಂ. ಅನೇಕ ಪ್ರಯೋಗಾಲಯಗಳ ರಕ್ತಪರೀಕ್ಷೆಗಳು ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಎಂಬ ಎರಡು ವಸ್ತುಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಳ್ಳುವ ಗುಣವನ್ನೇ ನೆಚ್ಚಿಕೊಂಡಿರುತ್ತವೆ. ರಕ್ತದಲ್ಲೇ ಬಯೋಟಿನ್ ತುಂಬಿಕೊಂಡಿದ್ದರೆ ಆ ಹಿಡಿತ ತಪ್ಪಿ, ಕೆಲವು ಅಂಕಿಗಳು ಸುಳ್ಳಾಗಿ ಇಳಿಯುತ್ತವೆ, ಕೆಲವು ಸುಳ್ಳಾಗಿ ಏರುತ್ತವೆ. ಹೃದಯಾಘಾತ ಪತ್ತೆಹಚ್ಚುವ ಟ್ರೋಪೊನಿನ್ ಪರೀಕ್ಷೆಯೂ ಇದರಿಂದ ತಪ್ಪಾಗಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲಿ ಎಚ್ಚರಿಸಿತ್ತು. ಹತ್ತು ದಿನ ಕ್ಯಾಪ್ಸೂಲ್ ನಿಲ್ಲಿಸಿ ಮತ್ತೆ ಪರೀಕ್ಷಿಸಿದಾಗ ಎಲ್ಲವೂ ಸರಿಯಿತ್ತು. ಬಾಟಲಿಯ ಮೇಲೆ ಈ ಬಗ್ಗೆ ಒಂದು ಮಾತೂ ಇರಲಿಲ್ಲ ಎಂಬುದು ನನ್ನ ದೂರು. ಕೂದಲಿಗೆ, ಉಗುರಿಗೆ ಎಂದು ಬಯೋಟಿನ್ ಸೇವಿಸುವವರು ಯಾವ ರಕ್ತಪರೀಕ್ಷೆಗೆ ಹೋದರೂ ಅದನ್ನು ಮೊದಲೇ ಹೇಳಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಗಮ್ಮಿಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ರುಚಿ ಚೆನ್ನಾಗಿತ್ತು, ಮರೆಯದೆ ತಿನ್ನುತ್ತಿದ್ದೆ; ಮಾತ್ರೆ ನುಂಗಲಾರದವರಿಗೆ ಇದೊಂದು ದಾರಿ ಎಂಬುದನ್ನು ಒಪ್ಪುತ್ತೇನೆ. ಆದರೆ ಎರಡು ಗಮ್ಮಿಗೆ 4 ಗ್ರಾಂ ಸಕ್ಕರೆಯಿತ್ತು, ಹಲ್ಲಿಗೆ ಅಂಟಿಕೊಳ್ಳುತ್ತಿತ್ತು, ಮೂರನೇ ತಿಂಗಳಿಗೆ ಬಾಟಲಿಯ ತಳದಲ್ಲಿ ಎಲ್ಲ ಒಂದೇ ಮುದ್ದೆಯಾಗಿ ಚಮಚದಿಂದ ಎಬ್ಬಿಸಬೇಕಾಯಿತು. ತೇವಾಂಶವಿರುವ ಇಂಥ ಮೆತ್ತನೆಯ ಪದಾರ್ಥದಲ್ಲಿ ವಿಟಮಿನ್ ಸಿ, ಫೋಲಿಕ್ ಆಮ್ಲಗಳು ಒಣ ಮಾತ್ರೆಗಿಂತ ಬೇಗ ಶಕ್ತಿ ಕಳೆದುಕೊಳ್ಳುತ್ತವೆ. ಆ ನಷ್ಟವನ್ನು ತುಂಬಲು ತಯಾರಕರು ಆರಂಭದಲ್ಲೇ ಹೆಚ್ಚು ಪ್ರಮಾಣ ಸೇರಿಸುವುದರಿಂದ, ಹೊಸ ಬಾಟಲಿಯಲ್ಲಿ ಒಂದು ಪ್ರಮಾಣ, ಹಳೆಯ ಬಾಟಲಿಯಲ್ಲಿ ಇನ್ನೊಂದು ಪ್ರಮಾಣ ಹೊಟ್ಟೆ ಸೇರುತ್ತದೆ. ಮಕ್ಕಳಿರುವ ಮನೆಯಲ್ಲಿ ಮಿಠಾಯಿಯಂತೆ ಕಾಣುವ ಈ ಪದಾರ್ಥ ಎಟುಕುವ ಜಾಗದಲ್ಲಿ ಇರಲೇಬಾರದು. ಕಬ್ಬಿಣಾಂಶವಿರುವ ಯಾವುದೇ ಪೂರಕಕ್ಕೆ ಈ ಮಾತು ಇನ್ನೂ ಬಲವಾಗಿ ಅನ್ವಯಿಸುತ್ತದೆ. ಕಬ್ಬಿಣದ ಮಾತ್ರೆಗಳನ್ನು ಹಿಡಿಯಷ್ಟು ನುಂಗಿದ ಪುಟ್ಟ ಮಗುವಿನ ಜೀವಕ್ಕೇ ಅಪಾಯವಿದೆ.

ಮೂರನೆಯ ಮಾತ್ರೆಯ ಪಟ್ಟಿ ಮೊದಲ ನೋಟಕ್ಕೆ ಪೇಲವವಾಗಿ ಕಾಣುತ್ತದೆ, ಮತ್ತು ಅದೇ ಅದರ ಗುಣ. ಹೆಚ್ಚಿನ ಪೋಷಕಾಂಶಗಳು ದಿನದ ಅಗತ್ಯದ ಆಸುಪಾಸಿನಲ್ಲೇ ಇವೆ, ಅದಕ್ಕಿಂತ ಬಹಳ ಮೇಲೆ ಹೋಗಿಲ್ಲ. ಬಿ6 2 ಮಿಲಿಗ್ರಾಂ, ಬಯೋಟಿನ್ 30 ಮೈಕ್ರೋಗ್ರಾಂ, ವಿಟಮಿನ್ ಇ 10 ಮಿಲಿಗ್ರಾಂ. ವಿಟಮಿನ್ ಡಿ ಮಾತ್ರ 25 ಮೈಕ್ರೋಗ್ರಾಂ, ಎಂದರೆ 1000 ಐಯು. ಒಂದು ಮೈಕ್ರೋಗ್ರಾಂ ಡಿ ಎಂದರೆ 40 ಐಯು ಎಂಬ ಲೆಕ್ಕ ಗೊತ್ತಿದ್ದರೆ ಎರಡು ಬಾಟಲಿಗಳನ್ನು ಹೋಲಿಸುವಾಗ ಗೊಂದಲವಾಗುವುದಿಲ್ಲ. ವಯಸ್ಕರಿಗೆ 600ರಿಂದ 800 ಐಯು ಬೇಕು, ವೈದ್ಯರ ನಿಗಾ ಇಲ್ಲದೆ 4000 ದಾಟಬಾರದು ಎಂಬ ಮಾನದಂಡದೊಳಗೆ ಇದು ನೆಮ್ಮದಿಯಾಗಿ ಕೂರುತ್ತದೆ. ಈ ವಿಟಮಿನ್‌ನ ಎರಡು ರೂಪಗಳಲ್ಲಿ ಅದು ಡಿ2 ಅಲ್ಲದೆ ಡಿ3 ಆಗಿರುವುದೂ ನನಗೆ ಮುಖ್ಯವಾಯಿತು, ಏಕೆಂದರೆ ರಕ್ತದಲ್ಲಿನ ಮಟ್ಟವನ್ನು ಡಿ3 ಹೆಚ್ಚು ಚೆನ್ನಾಗಿ ಏರಿಸುತ್ತದೆ. ಸಾಮಾನ್ಯವಾಗಿ ಡಿ3 ಅನ್ನು ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಿಸುತ್ತಾರೆ. ಪ್ರಾಣಿಮೂಲ ಬೇಡವೆನ್ನುವವರು ಲೈಕೆನ್, ಎಂದರೆ ಕಲ್ಲುಹೂವಿನಿಂದ ತೆಗೆದದ್ದೇ ಎಂದು ನೋಡಿ ಕೊಳ್ಳಬಹುದು. ಕಬ್ಬಿಣಾಂಶ ಇದರಲ್ಲಿಲ್ಲ. ನನ್ನ ವರದಿಯಲ್ಲಿ ಕಬ್ಬಿಣದ ಕೊರತೆ ಇಲ್ಲದ್ದರಿಂದ ನನಗೆ ಅದು ಸರಿ. ಮುಟ್ಟಿನಲ್ಲಿ ಹೆಚ್ಚು ರಕ್ತಸ್ರಾವವಾಗುವವರಿಗೆ ಇದೇ ಒಂದು ಕೊರತೆಯಾದೀತು.

ಈ ಬಾಟಲಿಯನ್ನು ಆರಿಸಲು ಇನ್ನೊಂದು ಕಾರಣ ಅದರ ಮೇಲಿನ ಒಂದು ಸಣ್ಣ ಮುದ್ರೆ. ಅನೇಕ ದೇಶಗಳಲ್ಲಿ ಪೂರಕಗಳನ್ನು ಔಷಧದಂತೆ ಮಾರಾಟಕ್ಕೆ ಮುಂಚೆ ಪರೀಕ್ಷಿಸಿ ಅನುಮತಿ ಕೊಡುವ ಪದ್ಧತಿಯಿಲ್ಲ. ಅವು ಆಹಾರದ ಸಾಲಿನಲ್ಲಿ ಬರುತ್ತವೆ. ಹಾಗಾಗಿ ತಯಾರಕರಿಗೆ ಸಂಬಂಧವಿಲ್ಲದ ಹೊರಗಿನ ಸಂಸ್ಥೆಯೊಂದು ಪರೀಕ್ಷಿಸಿದೆ ಎಂಬುದು ಕೊಳ್ಳುವವರಿಗೆ ಸಿಗುವ ದೊಡ್ಡ ಆಧಾರ. 1820ರಿಂದ ಔಷಧಗಳ ಗುಣಮಟ್ಟ ನಿಗದಿಪಡಿಸುತ್ತಾ ಬಂದಿರುವ ಯುಎಸ್‌ಪಿ, 1944ರಲ್ಲಿ ಆರಂಭವಾದ ಎನ್‌ಎಸ್‌ಎಫ್, ಕ್ರೀಡಾಪಟುಗಳು ನೆಚ್ಚುವ ಇನ್‌ಫಾರ್ಮ್ಡ್ ಸ್ಪೋರ್ಟ್ ಇವು ಇಂಥ ಮುದ್ರೆಗಳಲ್ಲಿ ಹೆಸರಾದವು. ಯುಎಸ್‌ಪಿ ಮುದ್ರೆಯಿದ್ದರೆ ಲೇಬಲ್‌ನಲ್ಲಿ ಬರೆದದ್ದು ಬರೆದಷ್ಟೇ ಇದೆ, ಸೀಸದಂಥ ಲೋಹಗಳು ಮಿತಿಯೊಳಗಿವೆ, ಮಾತ್ರೆ ಹೊಟ್ಟೆಯಲ್ಲಿ ಕರಗುತ್ತದೆ, ತಯಾರಿಕೆ ಶುಚಿಯಾಗಿ ನಡೆದಿದೆ ಎಂದರ್ಥ. ಅದನ್ನು ತಿಂದರೆ ಆರೋಗ್ಯ ಸುಧಾರಿಸುತ್ತದೆ ಎಂದು ಮಾತ್ರ ಯಾವ ಮುದ್ರೆಯೂ ಹೇಳುವುದಿಲ್ಲ, ಈ ವ್ಯತ್ಯಾಸವನ್ನು ಮರೆಯಬಾರದು. ‘ಪ್ರಯೋಗಾಲಯದಲ್ಲಿ ಪರೀಕ್ಷಿತ’, ‘ತಜ್ಞರು ಮೆಚ್ಚಿದ’ ಎಂಬ ಬರಹಗಳನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಆದ್ದರಿಂದ ಮುದ್ರೆಯ ಸಂಸ್ಥೆಯ ಪಟ್ಟಿಯಲ್ಲಿ ಆ ಉತ್ಪನ್ನದ ಹೆಸರು ನಿಜವಾಗಿ ಇದೆಯೇ ಎಂದು ನೋಡಿದ ಮೇಲೆಯೇ ನಾನು ಕೊಂಡೆ. ‘ವಿಶೇಷ ಮಿಶ್ರಣ’ ಎಂದು ಒಂದೇ ಸಾಲಿನಲ್ಲಿ ಒಟ್ಟು ತೂಕ ಕೊಟ್ಟು, ಒಳಗಿನ ಪದಾರ್ಥಗಳ ಪ್ರಮಾಣವನ್ನು ಬಿಡಿಬಿಡಿಯಾಗಿ ಹೇಳದ ಬಾಟಲಿಗಳನ್ನು ಕೆಳಗಿಟ್ಟುಬಿಡುವುದು ನನ್ನ ರೂಢಿ.

ಕರಗುವ ವಿಷಯ ಬಂದದ್ದರಿಂದ ನಾನು ಮನೆಯಲ್ಲಿ ಮಾಡಿದ ಒಂದು ಚಿಕ್ಕ ಪರೀಕ್ಷೆಯನ್ನೂ ಹೇಳುತ್ತೇನೆ. ಈ ಮಾತ್ರೆಯನ್ನೂ, ಮನೆಯಲ್ಲಿ ಯಾರೋ ತಂದಿಟ್ಟಿದ್ದ ಯಾವ ಮುದ್ರೆಯೂ ಇಲ್ಲದ ಇನ್ನೊಂದು ಮಾತ್ರೆಯನ್ನೂ ಬೆಚ್ಚಗಿನ ವಿನೆಗರ್ ಇದ್ದ ಎರಡು ಗಾಜಿನ ಲೋಟಗಳಲ್ಲಿ ಹಾಕಿ ಆಗಾಗ ಕಲಕುತ್ತಾ ಕುಳಿತೆ. ಮೊದಲನೆಯದರ ಹೊರಪದರ ಐದಾರು ನಿಮಿಷದಲ್ಲಿ ಸುಲಿದು, ಅಂಚುಗಳು ಉದುರಿ, ಇಪ್ಪತ್ತೈದನೇ ನಿಮಿಷಕ್ಕೆ ಲೋಟದ ತಳದಲ್ಲಿ ಹಳದಿ ಮರಳಿನಂತೆ ಕುಳಿತಿತ್ತು. ಎರಡನೆಯದು ಒಂದು ಗಂಟೆಯ ನಂತರವೂ ಬೆರಳಿಗೆ ಕಲ್ಲಿನಂತೆ ತಾಗುತ್ತಿತ್ತು, ಬಣ್ಣ ಮಾತ್ರ ಬಿಟ್ಟಿತ್ತು. ಹೊಟ್ಟೆಯೊಳಗಿನ ಬಿಸಿ, ಆಮ್ಲ, ಚಲನೆ ಯಾವುದೂ ಲೋಟದಲ್ಲಿ ಹಾಗೆಯೇ ಇರುವುದಿಲ್ಲವಾದ್ದರಿಂದ ಇದನ್ನು ಪ್ರಯೋಗಾಲಯದ ಪರೀಕ್ಷೆಗೆ ಸಮ ಎನ್ನಲಾಗದು, ಕರುಳಿನಲ್ಲೇ ಕರಗಲೆಂದು ಲೇಪನ ಕೊಟ್ಟ ಮಾತ್ರೆಗಳಿಗಂತೂ ಇದು ಹೊಂದುವುದೇ ಇಲ್ಲ. ಆದರೂ ಆ ಎರಡನೆಯ ಮಾತ್ರೆಯನ್ನು ನಾವು ಯಾರೂ ಮತ್ತೆ ಮುಟ್ಟಲಿಲ್ಲ.

ಮೂರನೆಯ ಮಾತ್ರೆಗೆ ಕುಂದುಗಳಿಲ್ಲವೆಂದಲ್ಲ. ಗಾತ್ರ ದೊಡ್ಡದು, ನುಂಗಲು ಒಂದು ಲೋಟ ನೀರು ಬೇಕು. ಮೆಗ್ನೀಸಿಯಂ ಅನ್ನು ಆಕ್ಸೈಡ್ ರೂಪದಲ್ಲಿ ಹಾಕಿದ್ದಾರೆ, ಅದು ಸಿಟ್ರೇಟ್‌ನಷ್ಟು ಚೆನ್ನಾಗಿ ಹೀರಲ್ಪಡುವುದಿಲ್ಲ. ಕ್ಯಾಲ್ಸಿಯಂ ಹೆಸರಿಗಷ್ಟೇ ಇದೆ. ದಿನಕ್ಕೆ 1000 ಮಿಲಿಗ್ರಾಂ ಬೇಕಾಗುವ ಖನಿಜವನ್ನು ಒಂದು ಮಾತ್ರೆಯಲ್ಲಿ ತುಂಬಿಸಲು ಸಾಧ್ಯವೂ ಇಲ್ಲ, ಅದಕ್ಕೆ ಹಾಲು, ಮೊಸರು, ಎಳ್ಳು, ಸೊಪ್ಪುಗಳೇ ಗತಿ. ನನ್ನ ಪಾಲಿಗೆ ದೊಡ್ಡ ಕೊರತೆ ಬಿ12 ಕೇವಲ 6 ಮೈಕ್ರೋಗ್ರಾಂ ಇರುವುದು. ದಿನಕ್ಕೆ 2.4 ಮೈಕ್ರೋಗ್ರಾಂ ಸಾಕು ಎಂದಾದ ಮೇಲೆ ಇದು ಧಾರಾಳವಲ್ಲವೇ ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಜಠರದಲ್ಲಿ ತಯಾರಾಗುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನು ಬಿ12 ಅನ್ನು ಹಿಡಿದು ಸಣ್ಣ ಕರುಳಿನ ತುದಿಗೆ ತಲುಪಿಸುತ್ತದೆ. ಒಂದು ಸಲಕ್ಕೆ ಈ ದಾರಿಯಲ್ಲಿ ಒಳಸೇರುವುದು ಹೆಚ್ಚೆಂದರೆ ಒಂದೂವರೆ ಎರಡು ಮೈಕ್ರೋಗ್ರಾಂ. ಮಿಕ್ಕದ್ದರಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ಕರುಳಿನ ಗೋಡೆಯ ಮೂಲಕ ತಾನಾಗಿ ಜಿನುಗುತ್ತದೆ. ಆಗಲೇ ಕೊರತೆ ಬಂದಿರುವವರಿಗೆ 1000 ಮೈಕ್ರೋಗ್ರಾಂನ ಮಾತ್ರೆ ಕೊಡುವುದು ಇದೇ ಕಾರಣಕ್ಕೆ, ಆಗ ಆ ಜಿನುಗುವಿಕೆಯಿಂದಲೇ ಹತ್ತು ಮೈಕ್ರೋಗ್ರಾಂ ಒಳಸೇರುತ್ತದೆ. ದೊಡ್ಡ ಅಂಕಿಯೆಲ್ಲ ಅತಿಯಲ್ಲ ಎಂಬುದನ್ನು ನಾನು ಕಲಿತದ್ದು ಇಲ್ಲಿ. ಬಿ6ರಲ್ಲಿ ಹೆದರಿಸಬೇಕಾದ ಅಂಕಿ ಬಿ12ರಲ್ಲಿ ಲೆಕ್ಕಹಾಕಿ ಇಟ್ಟದ್ದಾಗಿರುತ್ತದೆ. ಬಿ12ರ ರೂಪಗಳಲ್ಲಿ ಸಯನೋಕೋಬಾಲಮಿನ್ ಎಂಬುದನ್ನೇ ಆರಿಸಿಕೊಂಡೆ, ಅದು ಕೆಡದೆ ಹೆಚ್ಚು ಕಾಲ ಉಳಿಯುತ್ತದೆ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಅನ್ನು ಬಹುಕಾಲದಿಂದ ಸೇವಿಸುತ್ತಿರುವವರೂ, ಆಮ್ಲ ತಗ್ಗಿಸುವ ಮಾತ್ರೆಯನ್ನು ದಿನವೂ ನುಂಗುವವರೂ ಎಷ್ಟೇ ಚೆನ್ನಾಗಿ ಉಂಡರೂ ಬಿ12 ಪರೀಕ್ಷಿಸಿಕೊಳ್ಳಬೇಕು. ಬಿ12 ಕಡಿಮೆಯಿರುವಾಗ ಫೋಲಿಕ್ ಆಮ್ಲವನ್ನಷ್ಟೇ ದೊಡ್ಡ ಪ್ರಮಾಣದಲ್ಲಿ ಸೇವಿಸಿದರೆ ರಕ್ತಹೀನತೆ ಮರೆಯಾಗಿ, ನರಗಳ ಹಾನಿ ಮಾತ್ರ ಸದ್ದಿಲ್ಲದೆ ಮುಂದುವರಿಯುತ್ತದೆ.

ಔಷಧ ಸೇವಿಸುವವರಿಗೆ ಇನ್ನೆರಡು ಮಾತು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ವಿಟಮಿನ್ ಕೆ ಇರುವ ಪೂರಕವನ್ನು ತಾವಾಗಿಯೇ ಆರಂಭಿಸುವುದೂ ನಿಲ್ಲಿಸುವುದೂ ಅಪಾಯ. ಥೈರಾಯ್ಡಿಗೆ ಲೆವೊಥೈರಾಕ್ಸಿನ್ ನುಂಗುವವರು ಕಬ್ಬಿಣ, ಕ್ಯಾಲ್ಸಿಯಂ ಇರುವ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆಯ ಅಂತರ ಬಿಡಬೇಕು.

ಇಷ್ಟೆಲ್ಲ ನೋಡಿ ಆರಿಸಿದ ಮಾತ್ರೆಯಿಂದಲೂ ನಾನು ಏನನ್ನು ನಿರೀಕ್ಷಿಸಬೇಕು? ಅಮೆರಿಕದಲ್ಲಿ 14,641 ಗಂಡಸು ವೈದ್ಯರನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿದ ಪ್ರಯೋಗವೊಂದು 2012ರಲ್ಲಿ ಕ್ಯಾನ್ಸರ್ ಶೇಕಡಾ 8ರಷ್ಟು ಕಡಿಮೆಯಾದದ್ದನ್ನು ತೋರಿಸಿತು, ಹೃದಯರೋಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸುಮಾರು 3,90,000 ಆರೋಗ್ಯವಂತ ವಯಸ್ಕರ ಮಾಹಿತಿಯನ್ನು ಪರಿಶೀಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನವೂ ಮಲ್ಟಿವಿಟಮಿನ್ ಸೇವಿಸಿದವರ ಆಯುಸ್ಸು ಹೆಚ್ಚಿದ ಸುಳಿವು ಸಿಗಲಿಲ್ಲ. ಕೊರತೆಯಿಲ್ಲದವರಿಗೆ ಈ ಮಾತ್ರೆಯಿಂದ ಆಗುವ ಲಾಭ ಅಲ್ಪ. ಕೊರತೆಯಿದ್ದ ನನಗಾದರೋ ಆರು ತಿಂಗಳಲ್ಲಿ ಬಿ12 ಮತ್ತು ಡಿ ಎರಡೂ ಸರಿಯಾದ ಮಟ್ಟಕ್ಕೆ ಬಂದಿವೆ, ಮಧ್ಯಾಹ್ನದ ಆಯಾಸವೂ ತಗ್ಗಿದೆ. ಬಾಟಲಿ ಈಗ ಊಟದ ಮೇಜಿನ ಮೇಲಿದೆ, ಏಕೆಂದರೆ ಎ, ಡಿ, ಇ, ಕೆ ವಿಟಮಿನ್‌ಗಳು ಜಿಡ್ಡಿನಂಶವಿರುವ ಊಟದ ಜೊತೆಗೇ ಚೆನ್ನಾಗಿ ಒಳಸೇರುತ್ತವೆ. ಮೊದಲು ಇಡುತ್ತಿದ್ದ ಒಲೆಯ ಪಕ್ಕದ ಕಪಾಟಿನ ಬಿಸಿಯೂ ಆವಿಯೂ ಅದಕ್ಕೆ ಒಗ್ಗುವಂಥದ್ದಲ್ಲ. ಮುಂದಿನ ಬಾಟಲಿ ಕೊಳ್ಳುವ ಮೊದಲು ರಕ್ತವನ್ನು ಇನ್ನೊಮ್ಮೆ ಪರೀಕ್ಷಿಸಿಕೊಳ್ಳಲಿದ್ದೇನೆ. ಡಿ ಸಾಕಷ್ಟಿದೆ ಎಂದಾದರೆ ಈ ಮಾತ್ರೆಯನ್ನು ಬಿಟ್ಟು ಬಿ12 ಒಂದನ್ನೇ ಮುಂದುವರಿಸುವ ಯೋಚನೆಯಿದೆ.